ತಲೆಬಾಗಿಲೂ ಬಚ್ಚಲ ಬಾಗಿಲೂ

ಮನೆ ಕಟ್ಟಿಸುವವರು ತಲೆಬಾಗಿಲಿನ ಮರ ನೋಡಲು ಒಬ್ಬರೇ ಹೋಗುವುದಿಲ್ಲ. ಮನೆಯ ಹಿರಿಯರೊಬ್ಬರು, ಮರದ ವಿಷಯ ಬಲ್ಲವರೆಂದು ತಾವೇ ಹೇಳಿಕೊಂಡ ನೆಂಟರೊಬ್ಬರು, ಜೊತೆಗೆ ಆಚಾರಿ, ಇಷ್ಟೂ ಜನ ಒಂದೇ ಕಾರಿನಲ್ಲಿ ತುಂಬಿಕೊಂಡು ಹೊರಡುತ್ತಾರೆ. ದಾಂಡೇಲಿಯ ತೇಗವೇ ಆಗಬೇಕೆಂದು ಒಬ್ಬರು, ಬರ್ಮಾ ತೇಗದ ಮುಂದೆ ಅದೆಲ್ಲಿ ಎಂದು ಇನ್ನೊಬ್ಬರು. ಸಾಮಿಲ್ಲಿನ ಅಂಗಳದಲ್ಲಿ ಹಲಗೆಯನ್ನು ಬೆರಳ ಗೆಣ್ಣಿನಿಂದ ಕುಟ್ಟುತ್ತಾರೆ, ಮೂಸುತ್ತಾರೆ, ನೀರು ಸವರಿ ಎಳೆ ನೋಡುತ್ತಾರೆ. ಅದೇ ಜನರನ್ನು ಬಚ್ಚಲಿಗೆ ಯಾವ ಬಾಗಿಲು ಎಂದು ಕೇಳಿ ನೋಡಿ. ‘ಯಾವುದಾದರೂ ಒಂದು ಹಾಕಿ, ಬಚ್ಚಲಿಗೆ ತಾನೆ!’

ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ. ತಲೆಬಾಗಿಲಿಗೆ ದಿನಕ್ಕೆ ಎಷ್ಟು ಕೆಲಸ? ಬೆಳಿಗ್ಗೆ ಹಾಲಿನವನಿಗೆ ತೆರೆಯುತ್ತದೆ, ಸಂಜೆ ಸೊಳ್ಳೆ ನುಗ್ಗುವ ಹೊತ್ತಿಗೆ ಮುಚ್ಚುತ್ತದೆ, ನಡುವೆ ಕೊರಿಯರ್‌ನವರು ಬಂದರೆ ಉಂಟು. ಬಚ್ಚಲ ಬಾಗಿಲಿಗೆ ಮಾತ್ರ ಬಿಡುವೆಂಬುದೇ ಇಲ್ಲ. ಒದ್ದೆ ಕೈಯಲ್ಲಿ ಎಳೆಯುತ್ತಾರೆ, ಸೋಪಿನ ಕೈಯಲ್ಲಿ ತಳ್ಳುತ್ತಾರೆ, ಎರಡು ಕೈಯಲ್ಲೂ ಬಟ್ಟೆ ಇದ್ದರೆ ಕಾಲಿನಿಂದ ಒದೆಯುತ್ತಾರೆ. ಒಳಗೆ ಬಿಸಿ ಹಬೆ, ಹೊರಗೆ ಫ್ಯಾನಿನ ಗಾಳಿ, ಬುಡದಲ್ಲಿ ಸದಾ ನೀರು. ಬಂದು ಹೋಗುವವರ ಕಣ್ಣಿಗಾಗಿ ಇರುವ ಒಂದು ಬಾಗಿಲು ದುಡ್ಡನ್ನೆಲ್ಲ ನುಂಗುತ್ತದೆ; ಮನೆಯವರು ದಿನವೂ ಹೆಣಗುವ ಉಳಿದ ಬಾಗಿಲುಗಳಿಗೆ ಮಿಕ್ಕದ್ದು.

ಹಾಗೆಂದು ತೇಗವನ್ನು ಹೀಗಳೆಯುವ ಧೈರ್ಯ ನನಗಿಲ್ಲ. ಅದರ ಕೆಚ್ಚಿನಲ್ಲಿರುವ, ಎಂದರೆ ಒಳಗಿನ ಬಲಿತ ತಿರುಳಿನಲ್ಲಿರುವ, ಎಣ್ಣೆಯಂಶ ಗೆದ್ದಲನ್ನೂ ನೀರನ್ನೂ ದೂರ ಇಡುತ್ತದೆ. ಬಿಸಿಲು ಮಳೆಗೆ ಬೇರೆ ಮರಗಳಷ್ಟು ಅದು ಸೊಟ್ಟಗಾಗುವುದಿಲ್ಲ. 1817ರಲ್ಲಿ ಬೊಂಬಾಯಿಯ ಹಡಗುಕಟ್ಟೆಯಲ್ಲಿ ತೇಗದಿಂದ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಈಗಲೂ ತೇಲುತ್ತಿದೆ. ಮಲಬಾರಿನ ಕಲೆಕ್ಟರ್ ಆಗಿದ್ದ ಕೊನೊಲಿ 1840ರ ದಶಕದಲ್ಲಿ ನಿಲಂಬೂರಿನಲ್ಲಿ ತೇಗದ ತೋಪು ನೆಡಿಸಿದ್ದರ ಹಿಂದೆ ಇದ್ದದ್ದೂ ಹಡಗುಗಳಿಗೆ ಮರ ಸಾಲದಾದೀತೆಂಬ ಚಿಂತೆ. ಸಮುದ್ರದಲ್ಲಿ ಇನ್ನೂರು ವರ್ಷ ತಡೆಯುವ ಇಂಥ ಮರವನ್ನು ನಾವು ಪೋರ್ಟಿಕೋದ ನೆರಳಿನಲ್ಲಿ, ಒಂದು ಹನಿಯೂ ಸಿಡಿಯದ ಜಾಗದಲ್ಲಿ ನಿಲ್ಲಿಸಿ ಪಾಲಿಶ್ ಹಚ್ಚುತ್ತೇವೆ.

ತೇಗವೆಂದು ಮಾರುವುದೆಲ್ಲ ಕೆಚ್ಚೂ ಅಲ್ಲ. ಈಗ ಅಂಗಡಿಗೆ ಬರುವುದರಲ್ಲಿ ಘಾನಾ, ಈಕ್ವೆಡಾರ್, ಬ್ರೆಜಿಲ್ ದೇಶಗಳ ತೋಟಗಳಲ್ಲಿ ಬೆಳೆದದ್ದೂ ಇರುತ್ತದೆ. ಯಾವ ದೇಶದ್ದು ಎಂಬುದಕ್ಕಿಂತ ಎಷ್ಟು ಬಲಿತದ್ದು ಎಂಬುದು ಮುಖ್ಯ. ಎಳೆಯ ಮರದಲ್ಲಿ ಕೆಚ್ಚು ಕಡಿಮೆ, ತೊಗಟೆಯ ಒಳಬದಿಯ ಬಿಳಿ ಭಾಗ ಹೆಚ್ಚು. ಗೆದ್ದಲಿಗೆ ಆ ಬಿಳಿ ಭಾಗ ಬಲು ಇಷ್ಟ. ಪಾಲಿಶ್ ಬಿದ್ದ ಮೇಲೆ ಎರಡಕ್ಕೂ ಒಂದೇ ಬಣ್ಣ. ಆದ್ದರಿಂದ ನೋಡುವುದಾದರೆ ಬರಿಯ ಮರವನ್ನೇ ನೋಡಬೇಕು. ಅದರಲ್ಲೂ ದಾರಂದದ (ಗೋಡೆಗೆ ಕೂರಿಸುವ ಬಾಗಿಲ ಚೌಕಟ್ಟಿನ) ಹಿಂಬದಿಯನ್ನು, ಎಂದರೆ ಗೋಡೆಗೆ ಅಂಟಿಕೊಳ್ಳುವ ಮುಖವನ್ನು. ಬಿಳಿ ಭಾಗವನ್ನು ಯಾರಿಗೂ ಕಾಣದಂತೆ ಆ ಕಡೆಗೆ ತಿರುಗಿಸಿಬಿಡುವುದು ಸುಲಭ. ಗೆದ್ದಲು ಬರುವುದೂ ಗೋಡೆಯ ಕಡೆಯಿಂದಲೇ.

ನನ್ನ ತಂಗಿಯ ಗಂಡ ಶಿವಮೊಗ್ಗದಲ್ಲಿ ಮನೆ ಕಟ್ಟಿಸುವಾಗ ತಲೆಬಾಗಿಲ ಕೆತ್ತನೆಯ ವಿಷಯದಲ್ಲಿ ದೀರ್ಘ ಸಮಾಲೋಚನೆ ನಡೆಯಿತು. ‘ಭಾವ, ಗಜಲಕ್ಷ್ಮಿ ಇರಲೋ, ದಶಾವತಾರ ಇರಲೋ?’ ಎಂದು ಅವನು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ತಂಗಿ ಹೇಳಿದಳು: ‘ಹತ್ತು ಅವತಾರಗಳ ಸಂದಿಯಲ್ಲಿ ಕೂತ ದೂಳನ್ನು ಬ್ರಶ್ಶಿನಲ್ಲಿ ತೆಗೆಯುವವರು ಯಾರು ಎಂದು ಮೊದಲು ತೀರ್ಮಾನವಾಗಲಿ.’ ಗಜಲಕ್ಷ್ಮಿ ಬಂದಳು. ಆನೆಗಳ ಸೊಂಡಿಲು, ಕಲಶ, ಕಮಲದ ದಳ ಎಲ್ಲವೂ ನಿಜಕ್ಕೂ ಚೆನ್ನಾಗಿದ್ದವು. ಗೃಹಪ್ರವೇಶವಾದ ಮರುವಾರ ಕಳ್ಳರ ಭಯದಿಂದ ಅದರ ಮುಂದೆ ಕಬ್ಬಿಣದ ಗ್ರಿಲ್ ಬಾಗಿಲೊಂದು ಬಂದು ನಿಂತಿತು. ಈಗ ಬೀದಿಯಿಂದ ನೋಡಿದರೆ ಲಕ್ಷ್ಮಿ ಕಂಬಿ ಎಣಿಸುತ್ತಿರುವುದು ಕಾಣುತ್ತದೆ. ನಮ್ಮ ಊರುಗಳಲ್ಲಿ ಬೇಕಾದಷ್ಟು ಮನೆಗಳ ಕಥೆ ಇದೇ.

ಬಾಗಿಲುಗಳ ಸಂಖ್ಯೆಯದು ಇನ್ನೊಂದು ಪುರಾಣ. ಒಟ್ಟು ಸಮಸಂಖ್ಯೆಯಾಗಬೇಕು, ಕೊನೆಗೆ ಸೊನ್ನೆ ಬರಬಾರದು ಎಂಬುದು ವಾಸ್ತು ನೋಡುವವರ ಸಾಮಾನ್ಯ ಮಾತು. ಎಣಿಸಿದಾಗ ಒಂಬತ್ತು ಬಂದರೆ ಇನ್ನೊಂದು ಸೇರಿಸುವಂತಿಲ್ಲ, ಹತ್ತಾಗುತ್ತದೆ. ಆಗ ಬಾಲ್ಕನಿಯ ಗಾಜಿನ ಬಾಗಿಲು ಬಾಗಿಲೋ ಕಿಟಕಿಯೋ ಎಂಬ ತಾತ್ತ್ವಿಕ ಪ್ರಶ್ನೆ ಏಳುತ್ತದೆ. ಅಡುಗೆಮನೆಯ ಬಾಗಿಲು ಕಳಚಿ ಬರಿಯ ಕಮಾನು ಉಳಿಯುವುದು, ಒಗ್ಗರಣೆಯ ಘಾಟು ಹಾಲ್‌ನಲ್ಲಿ ಕೂತವರನ್ನೆಲ್ಲ ಕೆಮ್ಮಿಸುವುದು ಬಹುಮಟ್ಟಿಗೆ ಇಂಥ ಗಣಿತದ ಫಲ.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬಾಗಿಲಿನ ನಿಜವಾದ ಪರೀಕ್ಷೆ ಆಷಾಢದಲ್ಲಿ. ಗಾಳಿಯ ತೇವವನ್ನು ಮರ ಹೀರಿಕೊಳ್ಳುತ್ತದೆ, ಹೀರಿ ಉಬ್ಬುತ್ತದೆ. ಆದರೆ ಉಬ್ಬುವುದು ಅಡ್ಡಕ್ಕೆ. ಎಳೆಯ ಉದ್ದಕ್ಕೆ ಅದು ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ಬಡಗಿಗಳು ಇದನ್ನು ಬಲ್ಲವರು. ಬಾಗಿಲನ್ನು ಒಂದೇ ಅಗಲ ಹಲಗೆಯಾಗಿ ಮಾಡದೆ, ಸುತ್ತ ಕಿರಿದಾದ ಚೌಕಟ್ಟು ಕಟ್ಟಿ, ಅದರ ಒಳಬದಿಗೆ ಗಾಡಿ, ಎಂದರೆ ಉದ್ದನೆಯ ಕಿರುಗಾಲುವೆ, ಕೊರೆದು, ನಡುವಿನ ಹಲಗೆಗಳನ್ನು ಅಂಟು ಹಾಕದೆ ಆ ಗಾಡಿಯೊಳಗೆ ಸಡಿಲವಾಗಿ ಕೂರಿಸುತ್ತಿದ್ದರು. ಹಲಗೆ ಮಳೆಗಾಲದಲ್ಲಿ ಉಬ್ಬಲಿ, ಬೇಸಿಗೆಯಲ್ಲಿ ಕುಗ್ಗಲಿ, ಚೌಕಟ್ಟಿಗೆ ಅದರ ಗೊಡವೆಯಿಲ್ಲ. ನಾವು ಬರಿಯ ಅಲಂಕಾರವೆಂದು ತಿಳಿದಿರುವ ಆ ಚೌಕಚೌಕದ ಬಾಗಿಲಿನ ಹಿಂದೆ ಇಷ್ಟು ಯೋಚನೆ ಇದೆ. ಈಗಿನ ಅವಸರದಲ್ಲಿ ಹಸಿಹಸಿಯಾದ ಮರವನ್ನೇ ಬಾಗಿಲು ಮಾಡಿ, ಹಲಗೆಗೂ ಫೆವಿಕಾಲ್ ಬಳಿದು ಬಿಗಿದರೆ, ಮೊದಲ ಬೇಸಿಗೆಗೇ ಅದು ನಡುವೆ ಸೀಳುತ್ತದೆ.

ಜುಲೈನಲ್ಲಿ ಬಾಗಿಲು ಬಿಗಿಯಿತೆಂದು ಆಚಾರಿಯನ್ನು ಕರೆದು ಉಜ್ಜುಗೊರಡು ಹಾಕಿಸುವವರಿಗೂ ಒಂದು ಮಾತು. ಮಳೆಗಾಲದಲ್ಲಿ ಕೆತ್ತಿ ಸಡಿಲ ಮಾಡಿದ ಬಾಗಿಲು ಫೆಬ್ರವರಿಯಲ್ಲಿ ಕುಗ್ಗಿ, ಹಲ್ಲಿ ಬಾಲವಾಡಿಸಿಕೊಂಡು ಓಡಾಡುವಷ್ಟು ಸಂದು ಬಿಡುತ್ತದೆ. ತೀರಾ ಮುಚ್ಚಲೇ ಆಗದಿದ್ದರೆ ತಾಗುವ ಕಡೆ ಒಂದಿಷ್ಟು ಮೇಣದ ಬತ್ತಿ ಉಜ್ಜಿ, ನವರಾತ್ರಿಯವರೆಗೆ ಭುಜ ಕೊಟ್ಟು ತಳ್ಳುತ್ತಿರುವುದೇ ಲೇಸು.

ಕರಾವಳಿಯವರು ತೇಗದ ಹುಚ್ಚಿಗೆ ಪೂರ್ತಿ ಬಿದ್ದವರಲ್ಲ, ಹಿತ್ತಿಲ ಹಲಸನ್ನೂ ಗೌರವಿಸುತ್ತಾರೆ. ಹೊಸದರಲ್ಲಿ ಅರಿಸಿನದ ಬಣ್ಣ, ವರ್ಷ ಕಳೆದಂತೆ ಕೆಂಪು ಕಂದು. ಮೃದಂಗಕ್ಕೆ ಆಗುವ ಮರ ಬಾಗಿಲಿಗೂ ಆಗುತ್ತದೆ. ಹಳೆಯ ಮನೆಗಳಲ್ಲಿ ಈ ಬಾಗಿಲುಗಳಿಗೆ ತಿರುಪು, ಕೀಲು ಏನೂ ಇರಲಿಲ್ಲ. ಕದದ ಮೂಲೆಯ ಗೂಟವೇ ಮೇಲೊಂದು ಕೆಳಗೊಂದು ಕುಳಿಯಲ್ಲಿ ಕೂತು ತಿರುಗುತ್ತಿತ್ತು, ತಿರುಗಿದಾಗಲೆಲ್ಲ ಕಿರ್‍ರೆನ್ನುತ್ತಿತ್ತು. ರಾತ್ರಿ ತಡವಾಗಿ ಬಂದ ಮಕ್ಕಳನ್ನು ಅಪ್ಪನಿಗೆ ಹಿಡಿದುಕೊಡಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಕದದ ಹಿಂದೆ ಗೋಡೆಯೊಳಗಿಂದ ಹೊರಬರುವ ಅಗುಳಿ. ಅದನ್ನು ಹಾಕಿದ ಮೇಲೆ ಕಳ್ಳನಿಗೆ ಮಾಡು ಹತ್ತುವುದೊಂದೇ ದಾರಿ. ದೆವ್ವಕ್ಕೆ ಮಾತ್ರ ಅಗುಳಿ ಸಾಲುತ್ತಿರಲಿಲ್ಲ. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆಂಬ ಗುಲ್ಲು ಎದ್ದ ವರ್ಷ ಎಷ್ಟೋ ಮನೆಗಳ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿದ್ದರು. ಬರೆಯುವುದಕ್ಕೆ ಒಳ್ಳೆಯ ಕರಿಯ ಹಲಗೆಯಂಥ ಬಾಗಿಲು ಆಗ ಇತ್ತು. ಇಂದಿನ ಮೆರುಗಿನ ಮೇಲೆ ಸೀಮೆಸುಣ್ಣ ಹತ್ತುವುದೂ ಅನುಮಾನ.

ಹೊಸ್ತಿಲಂತೂ ಹೋಗಿಯೇ ಬಿಟ್ಟಿದೆ. ರೊಬೊಟ್ ಕಸಪೊರಕೆ ಎಡವದಿರಲೆಂದು ಅಪಾರ್ಟ್‌ಮೆಂಟುಗಳಲ್ಲಿ ಒಂದು ಗ್ರಾನೈಟ್ ಪಟ್ಟಿ ಎಳೆದು ಮುಗಿಸುತ್ತಾರೆ. ಭೀಮನ ಅಮಾವಾಸ್ಯೆಯ ದಿನ ಅಣ್ಣತಮ್ಮಂದಿರು ಮೊಣಕೈಯಿಂದ ಭಂಡಾರ ಒಡೆಯುವುದು ಆ ಪಟ್ಟಿಯ ಮೇಲೆಯೇ, ಮಂಡಿಯೂರಿ.

ಇನ್ನು ಕೋಣೆಗಳ ಬಾಗಿಲು. ಈಗ ಹೆಚ್ಚಿನ ಮನೆಗಳಲ್ಲಿ ಇರುವುದು ಫ್ಲಶ್ ಡೋರ್: ಎರಡು ಕಡೆ ತೆಳು ಹಾಳೆ, ನಡುವೆ ಏನೋ ಒಂದು. ಆ ‘ಏನೋ ಒಂದು’ ಯಾವುದು ಎಂಬುದರಲ್ಲೇ ಎಲ್ಲ ಇದೆ. ಮರದ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿದ್ದರೆ ಗಟ್ಟಿ. ಅದಕ್ಕೆ ಐಎಸ್ 2202 ಎಂಬ ಭಾರತೀಯ ಮಾನಕವಿದೆ. ಜೇನುಗೂಡಿನ ಕಾಗದ ತುಂಬಿದ್ದರೆ ಕುಟ್ಟಿದ ಕಡೆಯೆಲ್ಲ ಪೊಳ್ಳು ಸದ್ದು, ಬೀಗ ಕೂರುವ ಕಡೆ ಮಾತ್ರ ಒಂದು ತುಂಡು ಮರ. ಅಂಥ ಬಾಗಿಲಿಗೆ ಆಮೇಲೆ ಟವೆಲ್ ಕೊಕ್ಕೆ ಬಡಿಯಲು ಹೋದರೆ ಮೊಳೆ ಒಳಗೇ ಇಳಿದು ಮಾಯವಾಗುತ್ತದೆ. ಅತ್ತೆ ಸೊಸೆ ಇಬ್ಬರೂ ಇರುವ ಮನೆಗೆ ಪೊಳ್ಳು ಬಾಗಿಲು ನಾನು ಹೇಳುವುದಿಲ್ಲ. ಪಿಸುಮಾತು ಹಾಗೆಯೇ ದಾಟುತ್ತದೆ. ಖರ್ಚಿನ ವ್ಯತ್ಯಾಸ ತಲೆಬಾಗಿಲಿನ ಒಂದು ಆನೆಯಷ್ಟೂ ಆಗಲಿಕ್ಕಿಲ್ಲ.

ಬಚ್ಚಲಿನ ವಿಷಯದಲ್ಲಿ ತಂಗಿ ಯಾರ ಮಾತನ್ನೂ ಕೇಳಲಿಲ್ಲ. ಚೌಕಟ್ಟು ಗ್ರಾನೈಟಿನದೇ ಆಗಬೇಕು, ತಿರುಪು ಕೀಲುಗಳು ಸ್ಟೀಲಿನವಾಗಬೇಕು ಎಂದಳು. ಅಷ್ಟಕ್ಕೆ ಆಚಾರಿಯೂ ತಲೆಯಾಡಿಸಿದರು. ಕದಕ್ಕೆ ಬಂದಾಗ ಚರ್ಚೆ ಬೆಳೆಯಿತು. ಪಿವಿಸಿ ಹಗುರ, ನೀರಿಗೆ ಹೆದರದು, ಆದರೆ ಒಂದು ಒದೆಗೆ ಬಿರುಕು. ಮರದ ಪುಡಿ ಪ್ಲಾಸ್ಟಿಕ್ ಬೆರೆಸಿದ ಡಬ್ಲ್ಯುಪಿಸಿ ತೂಕದ್ದು, ಉಬ್ಬುವುದಿಲ್ಲ, ಬೆಲೆ ಕೊಂಚ ಹೆಚ್ಚು. ಅಂಗಡಿಯವರೋ ಮೈಕಾ ಅಂಟಿಸಿದ ಫ್ಲಶ್ ಡೋರನ್ನೇ ಮುಂದೆ ತಂದು, ಇದು ಪೂರ್ತಿ ವಾಟರ್‌ಪ್ರೂಫ್ ಅಮ್ಮಾ, ಐಎಸ್ 710 ಮೆರೈನ್ ಪ್ಲೈ ಎಂದು ಪ್ರಮಾಣ ಮಾಡಿದರು. ಆ ಮಾನಕದ ಮುದ್ರೆ ಎಲ್ಲಿದೆ ಎಂದು ಕೇಳಿದರೆ ಮೈಕಾದ ಅಡಿಯಲ್ಲಿದೆ ಎಂದರು. ಅವಳು ವಾದ ಮಾಡಲಿಲ್ಲ. ಪ್ರತಿಯೊಂದರದೂ ಅಂಗೈಯಗಲದ ಮಾದರಿ ತುಂಡು ಕೇಳಿ ತಂದು, ಹಿಂದೆ ಪೆನ್ನಿನಲ್ಲಿ ಅಂಗಡಿಯ ಹೆಸರು ಬರೆದು, ಎಲ್ಲವನ್ನೂ ಬಕೆಟ್ ನೀರಿನಲ್ಲಿ ಮುಳುಗಿಸಿ ಮೇಲೊಂದು ಕಲ್ಲಿಟ್ಟಳು. ವಾರ ತುಂಬುವ ಮೊದಲೇ ಮೆರೈನ್ ಎನಿಸಿಕೊಂಡದ್ದು ಪದರಪದರವಾಗಿ ಬಿಚ್ಚಿಕೊಂಡಿತು. ಡಬ್ಲ್ಯುಪಿಸಿಗೆ ಮುಂಗಡ ಕೊಡಲು ಹೋದ ದಿನ ಆ ಒದ್ದೆ ತುಂಡನ್ನೂ ಚೀಲದಲ್ಲಿ ಒಯ್ದು, ದಾರಿಯಲ್ಲಿ ಮೊದಲ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ಬಂದಳು.