ಥಾಯ್ಲೆಂಡಿಗೆ ಗುಡ್ಡ ಹತ್ತಾಕ ಹೊಂಟೀವಿ, ಕಾಟಾ ಕೊಡ್ರಿ

ಗಂಗಾವತಿಯೊಳಗ ಹುಟ್ಟಿ ಬೆಳದು, ರಾಕ್ ಕ್ಲೈಂಬಿಂಗ್ ಮಾಡಾಕ ಥಾಯ್ಲೆಂಡಿಗೆ ಹೊಕ್ಕೀನಿ ಅಂತ ಮನ್ಯಾಗ ಹೇಳೂದು ಅಷ್ಟು ಸುಲಭ ಅಲ್ಲ ನೋಡ್ರಿ. ಬ್ಯಾರೆ ಊರಾಗಿದ್ರ 'ಯಾಕ ಹತ್ತತಿ, ಬಿದ್ರ ಏನ್ ಗತಿ' ಅಂತಿದ್ರು. ನಮ್ಮ ಕಡೆ ಬೀಳೂ ಚಿಂತಿ ಯಾರಿಗೂ ಇಲ್ಲ. ಆನೆಗೊಂದಿ, ಸಾಣಾಪುರ, ಅಂಜನಾದ್ರಿ, ಎಲ್ಲಿ ನಿಂತು ಎತ್ತಾಗ ನೋಡಿದ್ರೂ ಕಲ್ಲಿನ ಮ್ಯಾಲ ಕಲ್ಲು, ಇಷ್ಟು ಕಲ್ಲು ಬಿಟ್ಟು ಅಲ್ಲಿಗ್ಯಾಕ ಅನ್ನೂದು ಒಂದೇ ತಕರಾರು. ನಮ್ಮ ದೊಡ್ಡಪ್ಪ ಸೊಸೈಟಿಯೊಳಗ ಲೆಕ್ಕ ಬರದು ರಿಟೈರ್ ಆದೋರು, ಅವರು ಕೂತಲ್ಲೇ ಹಿಂಗಂದ್ರು: "ಲೇ ತಮ್ಮಾ, ಆ ಫಾರಿನ್‌ನೋರು ರೊಕ್ಕ ಖರ್ಚು ಮಾಡ್ಕೊಂಡು ನಮ್ಮ ಕಲ್ಲು ಹತ್ತಾಕ ಬರತಾರ. ನೀವು ರೊಕ್ಕ ಖರ್ಚು ಮಾಡ್ಕೊಂಡು ಹೊರಗಿನ ಕಲ್ಲು ಹತ್ತಾಕ ಹೊಕ್ಕೀರಿ. ಇಬ್ರೂ ಮನ್ಯಾಗ ಕುಂತ್ರ ಲೆಕ್ಕ ಅಲ್ಲಿಗಲ್ಲಿಗೆ ಆಗತೈತಲ್ಲೋ."

ಫಾರಿನ್‌ನೋರು ಬರೂದಂತೂ ಖರೇನ. ನವೆಂಬರ್ ಬಂತಂದ್ರ ಫೆಬ್ರುವರಿ ತನಕ ಸಾಣಾಪುರದ ರೋಡಿನ್ಯಾಗ ಬೆನ್ನಿಗೆ ಕ್ರ್ಯಾಶ್ ಪ್ಯಾಡ್, ಅಂದ್ರ ಬಿದ್ರ ಪೆಟ್ಟಾಗಬಾರದಂತ ಕೆಳಗ ಹಾಸೂ ದಪ್ಪ ಗಾದಿ, ಕಟ್ಕೊಂಡು ಲೂನಾ ಮ್ಯಾಲ, ಸ್ಕೂಟಿ ಮ್ಯಾಲ ಅಡ್ಡಾಡತಿರತಾರ. ನಮ್ಮ ಅಜ್ಜಿ ಬಾಳ ವರ್ಷ ಅವರನ್ನ ಗಾದಿ ಮಾರೋರು ಅಂತನೇ ತಿಳ್ಕೊಂಡಿದ್ಲು. ಒಮ್ಮೆ ಒಬ್ಬಾಕಿನ್ನ ನಿಲ್ಲಿಸಿ ರೇಟ್ ಕೇಳಿ, ಹತ್ತಿ ಐತೋ ಇಲ್ಲೋ ಅಂತ ಒತ್ತಿ ನೋಡಿ, 'ಬಿರುಸೈತಿ, ಬ್ಯಾಡ' ಅಂತ ವಾಪಸ್ ಕಳಿಸಿದ್ದೂ ಐತಿ.

ದೊಡ್ಡಪ್ಪನ ಮಾತಿಗೆ ಉತ್ರ ಇಲ್ಲ ಅಂತಲ್ಲ, ಐತಿ, ಆದ್ರ ಯಾರೂ ಪೂರ್ತಿ ಕೇಳಂಗಿಲ್ಲ. ನಮ್ಮದು ಗ್ರಾನೈಟ್, ಸುಮಾರು 250 ಕೋಟಿ ವರ್ಷದ ಹಳೇ ಕಲ್ಲು, ಮೈಯೆಲ್ಲಾ ಹರಳು ಹರಳು, ಆ ಹರಳಿನ ಮ್ಯಾಲ ಬೆರಳ ತುದಿ ಇಟ್ಟು ಕಾಲಿನ ಮ್ಯಾಲ ನಂಬಿಕಿ ಇಟ್ಟು ಹತ್ತಬೇಕು, ಸಂಜಿಗೆ ಮನಿಗೆ ಬಂದು ಸಾರಿನ್ಯಾಗ ಕೈ ಇಟ್ರ ಉರಿ ನೆತ್ತಿಗೇರತೈತಿ. ಎತ್ತರ ಬಾಳಂದ್ರ ಎರಡಾಳು ಮೂರಾಳು, ಹಗ್ಗ ಇಲ್ಲ, ಬಿದ್ರ ಕೆಳಗ ಗಾದಿ. ನಾವು ಹೊಂಟಿದ್ದು ಕ್ರಾಬಿ ಪ್ರಾಂತ್ಯದ ರೈಲೇ ಅನ್ನೂ ಜಾಗಕ್ಕ. ಅಲ್ಲಿದು ಸುಣ್ಣದಕಲ್ಲು, ಸಮುದ್ರದ ದಂಡಿಗೆ ನೆಟ್ಟಗ ಎದ್ದು ನಿಂತ ಗ್ವಾಡಿ, ಎಷ್ಟೋ ಕಡೆ ಹೊಟ್ಟಿ ಮುಂದ ಬಿಟ್ಕೊಂಡು ಬಾಗೇತಿ, ಮ್ಯಾಲಿಂದ ಸುಣ್ಣದ ನೀರು ಇಳದಿಳದು ಆದ ಕಲ್ಲಿನ ಕೋಲು ಜೋತು ಬಿದ್ದಾವ. ಸೊಂಟಕ್ಕ ಹಾರ್ನೆಸ್ ಹಾಕ್ಕೊಂಡು, ಹಗ್ಗ ಕಟ್ಕೊಂಡು, ಗ್ವಾಡಿಗೆ ಹೊಡದ ಬೋಲ್ಟಿಗೆ ಒಂದೊಂದೇ ಕ್ವಿಕ್‌ಡ್ರಾ, ಅಂದ್ರ ಪಟ್ಟಿಯ ಎರಡೂ ತುದಿಗೆ ಇರೂ ಕೊಂಡಿ, ಸಿಗಿಸಿ ಅದರಾಗ ಹಗ್ಗ ಹಾಕ್ಕೋಂತ ಹತ್ತಬೇಕು, ಕೆಳಗ ದೋಸ್ತ ಹಗ್ಗ ಹಿಡ್ಕೊಂಡು ಫೋನ್ ನೋಡದಂಗ ನಿಂತಿರಬೇಕು. ಈ ಕಡೀದೇ ಬಾಳ ಕಷ್ಟದ್ದು.

ಇಷ್ಟು ಹೇಳೂದ್ರೊಳಗ ಅವ್ವ ಎದ್ದು ಒಲಿ ಕಡೆ ಹೋಗಿದ್ಲು. ಅಪ್ಪ ಮಾತ್ರ ಕೂತಿದ್ದ. ಗ್ವಾಡಿ ಹತ್ತೂ ರೂಟ್‌ಗಳಿಗೆ ಅಲ್ಲಿ, ಎಷ್ಟು ಕಷ್ಟ ಅನ್ನೂದಕ್ಕ, ಫ್ರೆಂಚ್ ಲೆಕ್ಕದ ಗ್ರೇಡ್ ಇರತೈತಿ, 6ಎ, 6ಬಿ ಅಂತ, ನಾವು 6ಎ ಹತ್ತೂದಕ್ಕ ತಯಾರಿ ಮಾಡಾಕತ್ತೀವಿ ಅಂದೆ. "ಡಿಗ್ರಿ ಮುಗಿಸಿ ಮತ್ತ ಆರನೆತ್ತಾ ಎ ಸೆಕ್ಷನ್ನಿಗೆ ಯಾಕ?" ಅಂದು ಅವನೂ ಎದ್ದ.

ಅಪ್ಪಂದು ಹಾರ್ಡ್‌ವೇರ್ ಅಂಗಡಿ. ಅವನನ್ನ ಮತ್ತ ಕೂಡಿಸಿದ್ದು ಬೋಲ್ಟಿನ ಮಾತು. ರೈಲೇದಾಗ ಮೊದಮೊದಲು ಹೊಡದಿದ್ದ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಉಪ್ಪುಗಾಳಿಗೆ ಸಿಕ್ಕು ಮ್ಯಾಲ ಫಳಫಳ ಅಂದ್ರೂ ಒಳಗ ಸೀಳು ಬಿಟ್ಟು, ಮೈಭಾರಕ್ಕ ಮುರದಿದ್ದೂ ಐತಿ, ಅದಕ್ಕ ಈಗ ಟೈಟಾನಿಯಂ ಬೋಲ್ಟನ್ನ ಅಂಟು ಹಾಕಿ ಕೂಡಸ್ತಾರ ಅಂತ ಹೇಳಿದ ಕೂಡ್ಲೇ ಅಪ್ಪನ ಮುಖದಾಗ ಕಳೆ ಬಂತು. "ಸ್ಟೇನ್‌ಲೆಸ್ ಮುರೀತಾ? ಜಂಗ್ ಹಿಡಿಯದ?" ಅಂತ ಕೇಳಿ ಕೇಳಿ ತಿಳ್ಕೊಂಡ. ಟೈಟಾನಿಯಂ ಕೆಜಿ ಹೆಂಗ ಅಂತ ಎಲ್ಲೆಲ್ಲೋ ಫೋನ್ ಹಚ್ಚಿದ. ಮರುದಿನದಿಂದ ಅಂಗಡಿಗೆ ನಲ್ಲಿ ವಾಷರ್ ಕೇಳಾಕ ಬಂದೋರಿಗೂ ಈ ಕಥಿ. ಹೇಳ್ತಾ ಹೇಳ್ತಾ ಅದು ಬೆಳದು, ನಾನು ಥಾಯ್ಲೆಂಡಿಗೆ ಹೊಂಟಿದ್ದು ಬೋಲ್ಟ್ ಚೆಕ್ ಮಾಡಾಕ ಅಂತ ಆತು. ಒಬ್ರು ಪಗಾರ ಎಷ್ಟು ಕೊಡ್ತಾರ ಅಂತ ಕೇಳಿದ್ರಂತ, ಅವರ ಮನ್ಯಾಗ ಲಗ್ನಕ್ಕ ಬಂದ ಹುಡುಗಿ ಐತಿ. ನಾನೂ ತಿದ್ದಾಕ ಹೋಗ್ಲಿಲ್ಲ. ಗುಡ್ಡ ಹತ್ತಾಕ ಹೊಂಟಾನ ಅನ್ನೂದಕ್ಕಿಂತ ಬೋಲ್ಟ್ ಇನ್‌ಸ್ಪೆಕ್ಟರ್ ಅನ್ನೂದ್ರಾಗ ಮರ್ಯಾದಿ ಜಾಸ್ತಿ.

ಆದ್ರ ಇದರಿಂದ ಹಗ್ಗದ ವಿಷಯದಾಗ ಅಪ್ಪಗ ಅಧಿಕಾರ ಬಂದಂಗ ಆತು. ನಾನೂ ನನ್ನ ದೋಸ್ತನೂ ಕೂಡಿ ತರಿಸಿದ್ದ 70 ಮೀಟರ್ ಕ್ಲೈಂಬಿಂಗ್ ಹಗ್ಗ, 9.8 ಎಂಎಂ ದಪ್ಪ, ಬಿಲ್ ನೋಡಿ ಅಪ್ಪ ಕುರ್ಚಿ ಹಿಡ್ಕೊಂಡ. ಅವನ ಅಂಗಡ್ಯಾಗ ಹಗ್ಗ ಮೀಟರ್ ಲೆಕ್ಕದಾಗ ಇಲ್ಲ, ಕೆಜಿ ಲೆಕ್ಕದಾಗ ಮಾರೂದು. ಒಳಗಿಂದ ಒಂದು ಹಸಿರು ನೈಲಾನ್ ಹಗ್ಗದ ಸುತ್ತು ತಂದು ಕೌಂಟರ್ ಮ್ಯಾಲ ಒಗದ. "ಇದ್ರಾಗ 300 ಅಡಿ ಕೆಳಗ ಬೋರ್‌ವೆಲ್ ಮೋಟರ್ ಇಳಿಬಿಡ್ತಾರ. ಪೈಪು, ಪೈಪಿನ್ಯಾಗ ನೀರು, ಕೇಬಲ್, ಎಲ್ಲಾ ಭಾರ ತಡೀತೈತಿ. ನಿಂದು 62 ಕೆಜಿ ತಡಿಯಂಗಿಲ್ಲೇನು?"

ತಡೀತೈತ್ರಿ, ಅದೇ ತ್ರಾಸು. ಬೋರ್‌ವೆಲ್ ಹಗ್ಗ ಗಟ್ಟಿ, ಆದ್ರ ಅಷ್ಟಾಗಿ ಜಗ್ಗಂಗಿಲ್ಲ. ಕ್ಲೈಂಬಿಂಗ್ ಹಗ್ಗ ಬೀಳೋನ ಸಂಗಡ ತಾನೂ ಜಗ್ಗತೈತಿ, ಟೆಸ್ಟಿನ್ಯಾಗ 30 ಪರ್ಸೆಂಟ್ ಸುಮಾರು ಉದ್ದ ಆಗತೈತಿ, ಆ ಜಗ್ಗೂದ್ರಾಗನೇ ಝಟಕಾ ಕಡಿಮಿ ಆಗಿ ಮನಷ್ಯಾ ಉಳಿಯೂದು. ಜಗ್ಗದ ಹಗ್ಗದಾಗ ಬಿದ್ರ ಹಗ್ಗ ಉಳೀತೈತಿ, ಸೊಂಟ ಉಳಿಯಂಗಿಲ್ಲ. ಮೋಟರ್ ಬೀಳಂಗಿಲ್ಲ, ಬಿದ್ರೂ ಅದಕ್ಕ ಬೆನ್ನೆಲುಬಿಲ್ಲ ಅಂತ ನಾ ಅಂದೆ. ಜಗ್ಗೂ ಹಗ್ಗ ಯಾವನೂ ನನ್ನ ಅಂಗಡ್ಯಾಗ ತಗೊಳ್ಳಂಗಿಲ್ಲ, ವಾಪಸ್ ಮುಖದ ಮ್ಯಾಲ ಒಗದು ಹೊಕ್ಕಾನ ಅಂತ ಅಪ್ಪ ಅಂದ. ಇಬ್ರದೂ ಖರೇನ, ಹಂಗಾಗಿ ಜಗಳ ಮುಗೀಲಿಲ್ಲ.

ಇನ್ನ ಷೂ. ಕ್ಲೈಂಬಿಂಗ್ ಷೂ ಅಂದ್ರ ಕಾಲಿಗೆ ಬಿಗಿಯಾಗಿ, ಬೆರಳು ಒಳಗ ಮಡಚಿ ಕುಂದರಬೇಕು, ಅವಾಗ ಅಷ್ಟೂ ಬಲ ಹೆಬ್ಬೆರಳ ತುದಿಗೆ ಬರತೈತಿ. ನಮ್ಮ ವೈನಿ ಪಾಪ ಒಳ್ಳೆ ಮನಸ್ಸಿಂದ, ವಿಮಾನದಾಗ ಹೋಗೂ ಷೂ ವಾಸನಿ ಹೊಡಿಬಾರದು ಅಂತ ಅದನ್ನ ಸೋಪಿನ ಪುಡ್ಯಾಗ ನೆನಿ ಇಟ್ಟು, ತಿಕ್ಕಿ, ಮಾಳಿಗಿ ಮ್ಯಾಲಿನ ತಗಡಿನ ಮ್ಯಾಲ ಒಣಗಾಕ ಇಟ್ಲು. ಮಾರ್ಚ್ ತಿಂಗಳ ನಡುಮಧ್ಯಾಹ್ನ, ನಮ್ಮೂರ ಬಿಸಿಲು, ತಗಡು. ಸಂಜಿಗೆ ನೋಡಿದ್ರ ಅಂಟು ಕರಗಿ ಮುಂದಿನ ರಬ್ಬರ್ ಬಾಯಿ ತಕ್ಕೊಂಡು ಕುಂತೈತಿ. ವಾಸನಿ ಮಾತ್ರ ಹಂಗ ಇತ್ತು.

ಬಸ್‌ಸ್ಟ್ಯಾಂಡ್ ಹತ್ರ ಚಪ್ಲಿ ಹೊಲಿಯೂ ಕಾಕಾ ಅದಾರ, ಅವರ ಹತ್ರ ಒಯ್ದೆ. ತಿರುವಿ ಮುರುವಿ ನೋಡಿದ್ರು, ಅಡಿ ಒತ್ತಿ ನೋಡಿದ್ರು, ಮೂಗಿನ ಹತ್ರ ಹಿಡದು ತಡಾ ಮಾಡದೆ ಕೆಳಗಿಟ್ರು. "ತಮ್ಮಾ, ಮನ್ಯಾಗ ಸಣ್ಣ ಹುಡುಗರದೇನು?"

"ನಂದ ಕಾಕಾ."

ನನ್ನ ಕಾಲು ನೋಡಿದ್ರು. ಷೂ ನೋಡಿದ್ರು. ಮತ್ತ ಕಾಲು ನೋಡಿದ್ರು. ಏನೂ ಅನ್ನಲಿಲ್ಲ, ನಾಳೆ ಬಾ ಅಂದ್ರು. ಮರುದಿನ ಹೋದ್ರ ಕೆಲಸ ಅಂದ್ರ ಕೆಲಸ, ಹಳೇ ಅಂಟು ಚೂರಿಲೆ ಹೆರದು, ಪಾಲಿಷ್ ಪೇಪರ್ ಹಚ್ಚಿ, ಸೊಲ್ಯೂಷನ್ ಎರಡ ಸಲ ಬಳದು, ಸುತ್ತಿಗಿಲೆ ಬಡದು, ಎಲ್ಲಿ ಬಿಚ್ಚಿತ್ತು ಅನ್ನೂದು ಗುರ್ತು ಸಿಗದಂಗ ಕೂಡಿಸಿದ್ರು. ಆಮ್ಯಾಲ ಷೂ ಒಳಗಿಂದ ಕಟ್ಟಿಗಿ ಅಚ್ಚು ಹೊರಗ ಎಳದು ನಗಕೋಂತ ಹೇಳಿದ್ರು: "ರಾತ್ರಿಯೆಲ್ಲಾ ಅಚ್ಚು ಹಾಕಿ ಸಡ್ಲ ಮಾಡೀನಿ. ಬೆರಳು ಪಾಪ ಮುದುಡಾಕತ್ತಿದ್ದವಲ್ಲ. ಅದಕ್ಕ ರೊಕ್ಕ ಬ್ಯಾಡ."

ಏನಂತೀರಿ ಇದಕ್ಕ? ಥ್ಯಾಂಕ್ಸ್ ಹೇಳಿ ಬಂದೆ. ಆ ಷೂ ಈಗ ಅಣ್ಣ ಮುಂಜಾನೆ ವಾಕಿಂಗಿಗೆ ಹಾಕ್ಕೋತಾನ, ಬಾಳ ಹಗುರ ಅದಾವ ಅಂತಾನ. ನನಗ ಸಾಣಾಪುರದಾಗ ಯಾರೋ ಬಿಟ್ಟು ಹೋದ ಸೆಕೆಂಡ್ ಹ್ಯಾಂಡ್ ಜೋಡು ಸಿಕ್ತು, ಹಾಕ್ಕೊಂಡ್ರ ಕಣ್ಣೀರು ಬರತಾವ, ಅಂದ್ರ ಸೈಜ್ ಕರೆಕ್ಟ್ ಐತಿ.

ಚಾಕ್ ಪುಡಿ ಅಂತ ಒಂದಿರತೈತಿ, ಮೆಗ್ನೀಸಿಯಂ ಕಾರ್ಬೊನೇಟ್, ಕೈ ಬೆವರು ಹೀರ್ಕೊಳ್ಳಾಕ. ಬಿಳೇ ಪುಡಿ ಪ್ಯಾಕೇಟಿನ್ಯಾಗ ಇಟ್ಟಿದ್ದೆ. ಒಂದಿನ ಮುಂಜಾನೆ ಅಂಗಳದಾಗ ಅಜ್ಜಿ ಯಾರಿಗೋ ಬೈಯ್ಯಾಕತ್ತಿದ್ಲು, ನೋಡಿದ್ರ ರಂಗೋಲಿ ಪುಡಿಗೆ ಬೈತಿದ್ಲು. ಕಲ್ಲಿನ ರಂಗೋಲಿ ಬೆರಳ ಸಂದ್ಯಾಗಿಂದ ಸರಳ ಹರೀತೈತಿ, ಇದು ಹರಿವಲ್ದು. "ಇದೇನೋ ಇದು, ಕೈ ಬಿಟ್ಟು ಹೊಂಡವಲ್ದು, ಎಷ್ಟು ಝಾಡಸಿದ್ರೂ ಬೆರಳಿಗೇ ಹತ್ತತೈತಿ, ಯಾವ ಅಂಗಡಿಯಾವ ಮೋಸ ಮಾಡ್ಯಾನ?" ಅಂದ್ಲು. ಆ ಪುಡಿ ಬಗ್ಗೆ ಇದಕ್ಕಿಂತ ಒಳ್ಳೆ ರಿವ್ಯೂ ನಾ ಎಲ್ಲೂ ನೋಡಿಲ್ಲ. ಅರ್ಧ ಪ್ಯಾಕೇಟ್ ಅಂಗಳದಾಗ ಮುದ್ದಿ ಮುದ್ದಿ ಬಿದ್ದಿತ್ತು.

ಇದ್ರಾಗ ಇನ್ಶೂರೆನ್ಸು, ಟಿಕೇಟು, 2025ರ ಮೇ ತಿಂಗಳಿಂದ ಶುರು ಮಾಡ್ಯಾರಲ್ಲ ಆ ಡಿಜಿಟಲ್ ಅರೈವಲ್ ಕಾರ್ಡು, ಅವೆಲ್ಲಾ ಹೇಳ್ಕೋತ ಕುಂತ್ರ ನಿಮಗೂ ಬ್ಯಾಸರ ನನಗೂ ಬ್ಯಾಸರ. ಇನ್ಶೂರೆನ್ಸ್ ಏಜೆಂಟರದು ಒಂದ ಮಾತು ಹೇಳ್ತೀನಿ: ಸೂಟ್‌ಕೇಸ್ ಕಳದ್ರ ರೊಕ್ಕ ಬರತೈತಿ, ಗುಡ್ಡ ಹತ್ತಿ ಬಿದ್ರ ಬರಂಗಿಲ್ಲ, ಅದಕ್ಕ ಬ್ಯಾರೆ ಪಾಲಿಸಿ. "ಸೂಟ್‌ಕೇಸ್ ಹಿಡ್ಕೊಂಡು ಹತ್ರಿ ಸರ" ಅಂತ ಅವರೇ ಉಪಾಯನೂ ಕೊಟ್ರು.

ನಿಜವಾದ ಚಿಂತಿ ಸೆಕಿದು. ನಮ್ಮ ಕಡೆ ಬಿಸಿಲು ಸುಡತೈತಿ, ಆದ್ರ ಒಣಬಿಸಿಲು, ಬೆವರು ಬಂದಿದ್ದೇ ಗೊತ್ತಾಗದಂಗ ಆರಿ ಹೊಕ್ಕೈತಿ. ಕ್ರಾಬಿ ಸಮುದ್ರದ ಊರು, ಗಾಳಿಯೇ ಹಸಿ, ಬೆವರು ಆರೂದೇ ಇಲ್ಲ, ಚಾಕ್ ಹಚ್ಚಿದ ಕೈಯಾಗ ಹಿಟ್ಟು ಕಲಸಿದಂಗ ಆಗತೈತಿ ಅಂತ ಹೋಗಿ ಬಂದೋರು ಹೇಳಿದ್ರು. ಹಸಿಗಾಳಿ ಗಂಗಾವತಿಯಾಗ ಎಲ್ಲಿಂದ ತರೂದು? ನನ್ನ ದೋಸ್ತನ ಮಾವಂದು ರೈಸ್ ಮಿಲ್ ಐತಿ, ಸ್ಟೀಮ್ ಅಕ್ಕಿ ಮಾಡತಾರ. ನೆಲ್ಲು ಬೇಯಿಸೂ ಬಾಯ್ಲರ್ ಕಡೆ ಹೋಗಿ ನಿಂತ್ರ ಕನ್ನಡಕ ಮಂಜಾಗಿ ಯಾರು ಮಾವ ಯಾರು ಹಮಾಲ ಗೊತ್ತಾಗಂಗಿಲ್ಲ, ಅಂಗಿ ಮೈಗೆ ಅಂಟಿ ಕುಂದರತೈತಿ. ಇದಕ್ಕಿಂತ ಥಾಯ್ಲೆಂಡ್ ಬೇಕೇನು ಅಂತ ಅಲ್ಲೇ ಒಂದು ಕಬ್ಬಿಣದ ತೊಲಿಗೆ ಜೋತು ಬಿದ್ದು ಪ್ರಾಕ್ಟೀಸ್ ಶುರು ಮಾಡಿದ್ವಿ. ನಮ್ಮ ಗ್ರಾನೈಟಿಗೆ ಕಾಲು ಸಾಕು, ಆ ಬಾಗಿದ ಗ್ವಾಡಿಗೆ ತೋಳು ಬೇಕು.

ಜೋತು ಬಿದ್ದು ಒಂದ ನಿಮಿಷಕ್ಕ ಕೈ ಬಿಡತಿದ್ವು. 75 ಕೆಜಿ ಚೀಲ ಹೊತ್ತು ಹೊತ್ತು ಇಳಿಸಾಕತ್ತಿದ್ದ ಹಮಾಲ ಅಣ್ಣಾರು ಸುಮಾರು ಹೊತ್ತು ನೋಡಿದ್ರು. ಕಡೀಗೆ ಒಬ್ರು, ವಯಸ್ಸು ಐವತ್ತರ ಮ್ಯಾಲೇ ಇರಬೇಕು, ತಲಿ ಮ್ಯಾಲಿನ ಟವಲ್ ತಗದು ಕೈ ಒರಸ್ಕೊಂಡು, ಕಿವ್ಯಾಗಿನ ಬೀಡಿ ಸೈತ ತಗೀದ ತೊಲಿ ಹಿಡ್ಕೊಂಡು ಜೋತು ಬಿದ್ರು. ಜೋತು ಬಿದ್ದು ನಮ್ಮ ಸಂಗಡ ಮಾತಾಡಾಕ ಹತ್ತಿದ್ರು. ಎಲ್ಲಿಗೆ ಹೊಂಟೀರಿ, ಎಷ್ಟು ದಿನ, ಊಟಕ್ಕೇನ್ ಮಾಡ್ತೀರಿ. ಎಲ್ಲಾ ವಿಚಾರಿಸಿ, ಹಂಗ ತೂಗಕೋಂತ ಕೇಳಿದ್ರು: "ದಿನಕ್ಕ ಕೂಲಿ ಎಷ್ಟು ಕೊಡ್ತಾರ?"

ಕೂಲಿ ಇಲ್ರಿ, ನಾವೇ ಕೊಡಬೇಕು ಅಂದ್ವಿ. ಅವಾಗ ಕೈ ಬಿಟ್ರು.

ಉಳಿದಿದ್ದು ಪ್ಯಾಕಿಂಗ್. ಟಿಕೇಟಿನ್ಯಾಗ 20 ಕೆಜಿ, ಕೈಯಾಗಿನ ಬ್ಯಾಗು 7 ಕೆಜಿ. ಹಗ್ಗ ಒಂದೇ ನಾಕ ಕೆಜಿ ದಾಟತೈತಿ, ಮ್ಯಾಲ 16 ಕ್ವಿಕ್‌ಡ್ರಾ, ಹಾರ್ನೆಸ್ಸು, ಹೆಲ್ಮೆಟ್ಟು, ಕೆಳಗ ನಿಂತೋರು ಹಗ್ಗ ತಡದು ಹಿಡಿಯೂ ಬಿಲೇ ಡಿವೈಸು. ಅವ್ವ ಬ್ಯಾರೆ, ಅಲ್ಲಿ ಕಾಯಿಪಲ್ಯಾಕ್ಕೂ ಮೀನಿನ ಸಾಸ್ ಹಾಕತಾರ ಅಂತ ಯಾರ ಬಾಯಾಗೋ ಕೇಳಿ, ಅದು ಖರೇನ ಐತಿ, ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಕೆಂಪು ಖಾರ ಅಂತ ಒಂದು ಸಂಸಾರಕ್ಕಾಗೂವಷ್ಟು ಕಟ್ಟಿದ್ಲು. ತೂಕ ನೋಡಾಕ ಅಪ್ಪನ ಅಂಗಡಿಗೆ ಹೋದ್ವಿ, ಮೊಳಿ ತೂಗೂ ಕಾಟಾ ಮ್ಯಾಲ ಬ್ಯಾಗ್ ಇಟ್ವಿ. ಗಿರಾಕಿಗಳು ಸುತ್ತ ನಿಂತ್ರು. ಒಬ್ರು ಹೆಲ್ಮೆಟ್ ತಗೀರಿ ಅಂದ್ರು, ಇನ್ನೊಬ್ರು ಥಾಯ್ಲೆಂಡಿನ್ಯಾಗ ಟ್ರಾಫಿಕ್ ಪೊಲೀಸ್ರು ಇರಂಗಿಲ್ಲೇನು ಇರಲಿ ಬಿಡ್ರಿ ಅಂದ್ರು. ಅವ್ವ ಕ್ವಿಕ್‌ಡ್ರಾ ಹೊರಗ ತಗದ್ಲು, ನಾ ಒಳಗ ಇಟ್ಟೆ. ನಾ ಕೆಂಪು ಖಾರ ಹೊರಗ ತಗದೆ, ಅವ್ವ ನನ್ನ ಮುಖ ನೋಡಿದ್ಲು, ನಾನೇ ಒಳಗ ಇಟ್ಟೆ.

ಅಂತೂ 19 ಕೆಜಿ 800 ಗ್ರಾಂಗೆ ಬಂದು ನಿಂತು ಜಿಪ್ ಹಾಕಿದ್ದೆ. ಚಾ ಹೇಳಿ ಬಂದು ನೋಡ್ತೀನಿ, ಕಾಟಾ 20 ಕೆಜಿ 600 ಗ್ರಾಂ ತೋರಸಾಕತ್ತೈತಿ. ಜಿಪ್ ತಗದ್ರ ರೊಟ್ಟಿ ಡಬ್ಬಿ ಪಕ್ಕ ಹಸಿರು ನೈಲಾನ್ ಹಗ್ಗದ ಸುತ್ತು.

"ಬಟ್ಟಿ ಒಣಗ್ಸಾಕರ ಆಗತೈತಿ, ಇರಲಿ" ಅಂದ ಅಪ್ಪ, ಗಿರಾಕಿಗೆ ವಾಷರ್ ಎಣಸಕೋಂತ. ಆಮ್ಯಾಲ ತಾನೇ ಬಂದು, ಬ್ಯಾಗಿನ್ಯಾಗ ಕೈ ಹಾಕಿ ನನ್ನ ಜೀನ್ಸ್ ಪ್ಯಾಂಟ್ ಎಳದು ಹೊರಗಿಟ್ಟ, ಕಾಟಾ ನೋಡಿದ, ಸಮಾಧಾನ ಆತು.

"ಅಲ್ಲಿ ಸೆಕಿ ಬಾಳ ಅಂದ್ಯಲ್ಲ" ಅಂದ.