ಮೂರು ದಿನದ ಲೆಕ್ಕ ಮೀರಿದಾಗ

ಗರ್ಭನಿರೋಧಕ ಶುರು ಮಾಡಿದ ಮೇಲೆ ಮುಟ್ಟು ಹತ್ತು ಹದಿನೈದು ದಿನವಾದರೂ ನಿಲ್ಲದಿದ್ದರೆ, ನಾನಿರುವ ಇಂಗ್ಲೆಂಡಿನಲ್ಲಿ ಆ ವಿಷಯ ಆಕೆಗೆ ಮತ್ತು ಕ್ಲಿನಿಕ್ಕಿನ ನರ್ಸಿಗೆ ಮಾತ್ರ ಗೊತ್ತಿರುತ್ತದೆ. ತುಮಕೂರು ಕಡೆಯ ನಮ್ಮೂರಲ್ಲಿ ಅತ್ತೆ, ನಾದಿನಿ, ಪಕ್ಕದ ಮನೆಯವರು ಎಲ್ಲರಿಗೂ ಗೊತ್ತಾಗುತ್ತದೆ. ಯಾಕೆಂದರೆ ಅಡುಗೆಮನೆಗೆ ಯಾರು ಹೋಗುತ್ತಿಲ್ಲ, ದೇವರ ದೀಪ ಯಾರು ಹಚ್ಚುತ್ತಿಲ್ಲ ಎನ್ನುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡೂ ಕಡೆ ಬದುಕಿ ನೋಡಿದವಳು ನಾನು. ಮೈಗೆ ಬಂದ ತೊಂದರೆ ಒಂದೇ, ಆದರೆ ಅದನ್ನು ತಾಳಿಕೊಳ್ಳಲು ಸಿಗುವ ಆಸರೆಯಲ್ಲಿ ಅಜಗಜಾಂತರ.

ಎರಡನೇ ಮಗುವಾದ ಮೇಲೆ ನಾನು ಇಲ್ಲಿ ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್ ಹಾಕಿಸಿಕೊಂಡೆ. ಬೆಂಕಿಕಡ್ಡಿಯಷ್ಟು ಉದ್ದದ ಮೆತ್ತನೆಯ ಕಡ್ಡಿ ಅದು. ಮೂರು ವರ್ಷ ಕೆಲಸ ಮಾಡುತ್ತದೆ, ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಬಿಡಿಗಾಸೂ ಕೊಡಬೇಕಿಲ್ಲ. ಹಾಕುವ ಮೊದಲೇ ನರ್ಸ್ ಕೂರಿಸಿಕೊಂಡು ಹೇಳಿದ್ದರು: ಐವರಲ್ಲಿ ಒಬ್ಬರಿಗೆ ಮುಟ್ಟೇ ನಿಂತುಹೋಗುತ್ತದೆ, ಕೆಲವರಿಗೆ ದಿನಗಟ್ಟಲೆ ಹೋಗುತ್ತಲೇ ಇರುತ್ತದೆ, ನಿಮಗೆ ಯಾವುದಾಗುತ್ತದೋ ಈಗಲೇ ಹೇಳಲಾಗದು. ನನಗೆ ಆದದ್ದು ಎರಡನೆಯದು. ಬೇಸರವಾಯಿತು, ಸುಸ್ತಾಯಿತು, ಬಿಳಿ ಬಟ್ಟೆ ಹಾಕುವುದನ್ನೇ ಬಿಟ್ಟೆ. ಆದರೆ ಹೆದರಿಕೆ ಆಗಲಿಲ್ಲ. ಆ ಹತ್ತು ನಿಮಿಷದ ಮಾತಿಗೆ ನಾನು ಇವತ್ತಿಗೂ ಋಣಿ.

ಆ ಕಡ್ಡಿಯಲ್ಲಾಗಲಿ, ಮೂರು ತಿಂಗಳ ಇಂಜೆಕ್ಷನ್ನಿನಲ್ಲಾಗಲಿ ಇರುವುದು ಪ್ರೊಜೆಸ್ಟಿನ್ ಎಂಬ ಹಾರ್ಮೋನ್. ಅದು ಗರ್ಭಕೋಶದ ಒಳಪದರವನ್ನು ತೆಳ್ಳಗೆ ಮಾಡುತ್ತದೆ. ತೆಳುವಾದ ಆ ಪದರದ ಸಣ್ಣ ರಕ್ತನಾಳಗಳು ಸುಲಭವಾಗಿ ಒಡೆದು, ಆಗೀಗ ಸ್ವಲ್ಪ ಸ್ವಲ್ಪವೇ ರಕ್ತ ಕಾಣಿಸುತ್ತದೆ. ನಮ್ಮ ದೊಡ್ಡಮ್ಮ ಹೇಳುವ ಹಾಗೆ ಇದು 'ಕೆಟ್ಟ ರಕ್ತ' ಹೊರಗೆ ಹೋಗುವುದಲ್ಲ. ಹಾಗೆಯೇ ಮುಟ್ಟು ನಿಂತವರ ಹೊಟ್ಟೆಯಲ್ಲಿ ರಕ್ತ ಕಟ್ಟಿಕೊಂಡು ಕೂರುವುದೂ ಇಲ್ಲ.

ಇಲ್ಲಿಯದೆಲ್ಲ ಚೆನ್ನ ಎಂದು ನಾನು ಹೇಳುತ್ತಿಲ್ಲ. ಫೋನ್ ಮಾಡಿದರೆ ವಾರಗಟ್ಟಲೆ ಕಾಯಿಸುತ್ತಾರೆ, ಮೊದಲ ಉತ್ತರ ಬಹುಮಟ್ಟಿಗೆ 'ಇನ್ನೂ ಸ್ವಲ್ಪ ದಿನ ನೋಡಿ' ಎಂದೇ ಇರುತ್ತದೆ. ತುಮಕೂರಿನಲ್ಲಾದರೆ ಬೆಳಿಗ್ಗೆ ಹೋಗಿ ಸ್ತ್ರೀರೋಗ ತಜ್ಞೆಯನ್ನು ಕಂಡು, ಮಧ್ಯಾಹ್ನದೊಳಗೆ ಸ್ಕ್ಯಾನ್ ರಿಪೋರ್ಟ್ ಹಿಡಿದು ಬರಬಹುದು, ಕೈಯಲ್ಲಿ ದುಡ್ಡಿದ್ದರೆ. ಆದರೂ ಇಲ್ಲಿ ನನ್ನ ಸರದಿ ಬಂದಾಗ ಅವರು ನೋಡಿದ ಕ್ರಮ ನನಗೆ ಹಿಡಿಸಿತು. ಗರ್ಭ ನಿಂತಿದೆಯೇ, ಸೋಂಕು ಇದೆಯೇ, ಗರ್ಭಕಂಠದ ಪರೀಕ್ಷೆ ಬಾಕಿ ಇದೆಯೇ ಎಂದು ಮೊದಲು ನೋಡಿದರು. ಬಿಪಿ ಅಳೆದು, ಅರೆತಲೆನೋವು ಬರುತ್ತದೆಯೇ, ಸಿಗರೇಟು ಸೇದುತ್ತೀರಾ ಎಂದು ಕೇಳಿದ ಮೇಲೆಯೇ ರಕ್ತ ಹತೋಟಿಗೆ ಬರಲೆಂದು ಮೂರು ತಿಂಗಳ ಮಟ್ಟಿಗೆ ಗರ್ಭನಿರೋಧಕ ಗುಳಿಗೆಯನ್ನೂ ಜೊತೆಗೆ ಕೊಟ್ಟರು. ಕಡ್ಡಿ ತೆಗೆಸಬೇಕೆಂದರೆ ಯಾವಾಗ ಬೇಕಾದರೂ ಬನ್ನಿ ಎಂದರು. ಅದನ್ನು ಕೇಳಿದ ಮೇಲೆಯೇ ನನಗೆ ತಾಳಿಕೊಳ್ಳುವ ಮನಸ್ಸಾದದ್ದು.

ಇನ್ನು ನಮ್ಮ ಕಡೆಯ ಮಾತು. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ 'ಅಂತರ' ಎಂಬ ಗರ್ಭನಿರೋಧಕ ಇಂಜೆಕ್ಷನ್ ಪುಕ್ಕಟೆಯಾಗಿ ಸಿಗುತ್ತಿದೆ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳಬೇಕು. ನಮ್ಮ ಚಿಕ್ಕಪ್ಪನ ಸೊಸೆ ಅದನ್ನು ಹಾಕಿಸಿಕೊಂಡಳು, ನನಗಾದದ್ದೇ ಅವಳಿಗೂ ಆಯಿತು. ಆದರೆ ನಮ್ಮ ಮನೆಗಳಲ್ಲಿ ಮುಟ್ಟಿಗೆ ಮೂರು ದಿನದ ಲೆಕ್ಕ, ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಒಂದು ದಿನ ನಿಂತು, ಮತ್ತೆ ಎರಡು ದಿನ ಕಾಣಿಸಿಕೊಂಡು, ಮತ್ತೆ ನಿಲ್ಲುವ ರಕ್ತಕ್ಕೆ ಆ ಲೆಕ್ಕ ಎಲ್ಲಿ ಹೊಂದೀತು? ಅವಳಿಗೆ ತಾನು ಒಳಗೋ ಹೊರಗೋ ಎಂದೇ ತಿಳಿಯದಾಯಿತು. ಬಾಳೆಹೂವಿನ ಪಲ್ಯ ಮಾಡಿಕೊಟ್ಟರು, ಉಷ್ಣ ಎಂದು ಮೆಂತ್ಯ ನೆನೆಸಿ ಕೊಟ್ಟರು. ಕೊನೆಗೆ ಅವಳ ಅತ್ತೆ, "ಆ ಸೂಜಿ ಹಾಕಿಸ್ಕೊಂಡ್ ಮೇಲೇ ಹಿಂಗಾಗಿದ್ದು ಕಣವ್ವ, ಬಿಟ್‌ಬುಡು" ಎಂದರು. ಅವರು ಹೇಳಿದ್ದು ಸುಳ್ಳಲ್ಲ, ಕಾರಣ ಆ ಸೂಜಿಯೇ. ಆದರೆ ಮೊದಲ ಕೆಲವು ತಿಂಗಳು ಹೀಗಾಗುವುದು ಸಾಮಾನ್ಯ, ಬರಬರುತ್ತಾ ಕಡಿಮೆಯಾಗಿ ವರ್ಷ ಕಳೆಯುವಷ್ಟರಲ್ಲಿ ಬಹಳ ಜನರಿಗೆ ಮುಟ್ಟೇ ನಿಲ್ಲುತ್ತದೆ ಎಂದು ಆ ಅತ್ತೆಗೂ ಸೊಸೆಗೂ ಯಾರೂ ಕೂರಿಸಿ ಹೇಳಿರಲಿಲ್ಲ. ಅವಳು ಎರಡನೇ ಡೋಸಿಗೆ ಹೋಗಲೇ ಇಲ್ಲ.

ನಮ್ಮ ಜಿಲ್ಲೆಯಲ್ಲೂ ಚಿತ್ರದುರ್ಗದಲ್ಲೂ ಮುಟ್ಟಾದವರು ಹಟ್ಟಿಯ ಆಚೆ ಇರಬೇಕೆನ್ನುವ ಗೊಲ್ಲರಹಟ್ಟಿಗಳು ಇನ್ನೂ ಇವೆ. ಅವರು ಆ ದಿನಗಳಲ್ಲಿ ಉಳಿಯಲೆಂದೇ ಸರ್ಕಾರ ಕೃಷ್ಣ ಕುಟೀರ ಎಂಬ ಕಟ್ಟಡಗಳನ್ನು ಕಟ್ಟಿಸಿದೆ. ಅಲ್ಲಿಯ ಹೆಣ್ಣುಮಗಳಿಗೆ ಇಂಥ ಇಂಜೆಕ್ಷನ್ ಕೊಡುವ ಮುನ್ನ, ಹದಿನೈದು ದಿನ ರಕ್ತ ಹೋದರೆ ಅವಳು ಎಲ್ಲಿ ಮಲಗಬೇಕಾಗುತ್ತದೆ ಎಂದು ಕೇಳಬೇಡವೇ? ನನಗೆ ಇದು ಔಷಧಿಯಷ್ಟೇ ಮುಖ್ಯವಾದ ಪ್ರಶ್ನೆ.

ಕೇಳದೇ ಇರುವುದರಿಂದ ಆಗುವುದು ಏನು? ಹೆಂಗಸರು ನೇರವಾಗಿ ಆಪರೇಷನ್ನಿಗೆ ಹೋಗುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು. ಗುಳಿಗೆ, ಇಂಜೆಕ್ಷನ್, ಕಾಪರ್-ಟಿ ಎಲ್ಲ ಸೇರಿದರೂ ಅದರ ಹತ್ತಿರ ಬರುವುದಿಲ್ಲ. ಅದೇ ಸಮೀಕ್ಷೆಯಲ್ಲಿ ನಮ್ಮ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಅಂಥವರಿಗೆ ವಾರಗಟ್ಟಲೆ ರಕ್ತ ಹೋಗುವುದು ಇಲ್ಲಿ ಹೊಟ್ಟೆತುಂಬ ಉಂಡು ಬೆಚ್ಚಗಿರುವ ನನಗೆ ಹೋದಂತಲ್ಲ. ಹಿಮೋಗ್ಲೋಬಿನ್ ನೋಡದೆ ಅವರನ್ನು 'ಸ್ವಲ್ಪ ದಿನ ನೋಡಿ' ಎಂದು ಕಳುಹಿಸಬಾರದು. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ, ಅದನ್ನು ಕಾಫಿ ಟೀ ಜೊತೆ ನುಂಗಬೇಡಿ ಎಂದೂ ಹೇಳಿ ಕಳುಹಿಸಬೇಕು.

ಇನ್ನೊಂದು ನನ್ನನ್ನು ಕಾಡುತ್ತದೆ. ಹಬ್ಬ, ಮದುವೆ ಎಂದು ಮುಟ್ಟು ಮುಂದೂಡುವ ನೊರೆಥಿಸ್ಟೆರಾನ್ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವುದು ನಮ್ಮಲ್ಲಿ ರೂಢಿ. ರಕ್ತ ನಿಲ್ಲದಾಗಲೂ ಅದನ್ನೇ ತಂದು ನುಂಗುತ್ತಾರೆ. ಬಿಟ್ಟ ಕೆಲವೇ ದಿನಕ್ಕೆ ಮತ್ತೆ ರಕ್ತ ಬರುತ್ತದೆ, ಮೂಲ ಕಾರಣ ಹಾಗೇ ಉಳಿಯುತ್ತದೆ. ಆ ಕಾರಣ ಗರ್ಭನಿರೋಧಕವೇ ಆಗಿರಬೇಕೆಂದೂ ಇಲ್ಲ. ದಿನದ ಗುಳಿಗೆ ತಪ್ಪಿದ್ದಿರಬಹುದು, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅಥವಾ ಕೆಲವು ಮೂರ್ಛೆರೋಗದ ಮಾತ್ರೆಗಳು ಗುಳಿಗೆ ಮತ್ತು ಇಂಪ್ಲಾಂಟಿನ ಬಲ ಕುಂದಿಸಿರಬಹುದು, ಗರ್ಭಕೋಶದಲ್ಲಿ ಗಡ್ಡೆ ಇರಬಹುದು. ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ದೊಡ್ಡ ಹೆಪ್ಪುಗಳು ಬೀಳುತ್ತಿದ್ದರೆ, ತಲೆ ಸುತ್ತಿ ಬೀಳುವಂತಾದರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಮನೆ ಬಾಗಿಲಿಗೆ ಬಂದು, ಅತ್ತೆಯನ್ನೂ ಕೂರಿಸಿಕೊಂಡು ಮಾತಾಡಬಲ್ಲ ಅಂಥವರು ಇಂಗ್ಲೆಂಡಿನಲ್ಲಿ ನನಗೆ ಯಾರೂ ಸಿಕ್ಕಿಲ್ಲ. 'ಅಂತರ' ಹಾಕಿಸಿಕೊಂಡವರಿಗೆ ಮುಂದಿನ ಡೋಸಿನ ತಾರೀಖು ಬರೆದ ಕಾರ್ಡು ಕೊಡುತ್ತಾರೆ. ರಕ್ತ ಹೋದ ದಿನಗಳನ್ನು ಗುರುತು ಹಾಕಲು ಅದರಲ್ಲೇ ಒಂದಿಷ್ಟು ಜಾಗ ಇರಲಿ. ಆಶಾ ಅಕ್ಕ ಮೂರು ತಿಂಗಳು ತುಂಬುವವರೆಗೆ ಕಾಯದೆ, ಮೊದಲ ತಿಂಗಳಲ್ಲೇ ಒಮ್ಮೆ ಬಂದು ಆ ಕಾರ್ಡು ನೋಡಲಿ. ಆ ಓಡಾಟಕ್ಕೆ ಅವರಿಗೆ ಸರ್ಕಾರ ಬೇರೆಯಾಗಿ ದುಡ್ಡು ಕೊಡಲಿ.