ಸತ್ಯಾಂಶ: ಫಾರ್ಮಸಿಯಲ್ಲಿ ಸುಮ್ನೆ ಕಾಯಿಸುತ್ತಾರಾ?

‘ಫಾರ್ಮಸಿಯಲ್ಲಿ ಮಾತ್ರೆ ಎಣಿಸಿ ಕೊಡುವುದಷ್ಟೇ ಕೆಲಸ, ಸುಮ್ನೆ ಕಾಯಿಸುತ್ತಾರೆ’ ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಇದು ಸರಿಯಲ್ಲ. ಎಣಿಸುವುದು ಇಡೀ ಕೆಲಸದಲ್ಲಿ ಸುಲಭದ ಭಾಗ.

ವೈದ್ಯರ ಚೀಟಿ ಕೈಗೆ ಬಂದಾಗ ಟೆಕ್ನಿಷಿಯನ್ (ಫಾರ್ಮಸಿಸ್ಟ್‌ಗೆ ನೆರವಾಗುವ ಸಿಬ್ಬಂದಿ) ಮೊದಲು ರೋಗಿಯ ಹೆಸರು, ಹುಟ್ಟಿದ ದಿನಾಂಕ, ಅಲರ್ಜಿಯ ವಿವರ ನೋಡುತ್ತಾರೆ. ಒಂದೇ ಹೆಸರಿನವರು ಇಬ್ಬರಿರಬಹುದು, ಅಲ್ವಾ? ನಂತರ ಔಷಧಿಯ ಹೆಸರು. ತಪ್ಪು ನುಸುಳಲು ಇಲ್ಲಿ ಜಾಗ ಜಾಸ್ತಿ. ಹೈಡ್ರಾಕ್ಸಿಜಿನ್ ತುರಿಕೆಗೆ ಕೊಡುವ ಮಾತ್ರೆ, ಹೈಡ್ರಾಲಜಿನ್ ಬಿಪಿಗೆ. ಕೇಳಲು ಮಾತ್ರ ಅವಳಿ ಮಕ್ಕಳ ಹೆಸರಿನ ಹಾಗಿವೆ! ಪ್ರಮಾಣದ ಕಥೆಯೂ ಅಷ್ಟೇ. 1.0 ಮಿಲಿಗ್ರಾಂ ಎಂದು ಬರೆದು ಚುಕ್ಕೆ ಮಸುಕಾದರೆ ಅದು 10 ಆಗಿಬಿಡುತ್ತದೆ. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ಕೊಡುವುದು ವಾರಕ್ಕೊಮ್ಮೆ. ಅದನ್ನೇ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಅನುಮಾನ ಬಂದರೆ ಟೆಕ್ನಿಷಿಯನ್ ಊಹೆ ಮಾಡುವಂತಿಲ್ಲ. ಫಾರ್ಮಸಿಸ್ಟ್‌ಗೆ ಹೇಳಬೇಕು, ಬೇಕಾದರೆ ಅವರು ವೈದ್ಯರನ್ನೇ ಕೇಳುತ್ತಾರೆ. ತಡವಾಗುವುದು ಎಷ್ಟೋ ಸಲ ಇದರಿಂದಲೇ. ಜನ ಜಾಸ್ತಿಯಿದ್ದು ತಡವಾಗುವುದೂ ಉಂಟು, ಅದು ಬೇರೆ ಮಾತು.

ಡಬ್ಬಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಿ, ಎಕ್ಸ್‌ಪೈರಿ ದಿನಾಂಕ ನೋಡಿದ ಮೇಲೆ ಎಣಿಕೆ. ಪೆನಿಸಿಲಿನ್ ಎಣಿಸಿದ ತಟ್ಟೆಯನ್ನು ಚೆನ್ನಾಗಿ ಒರೆಸದೆ ಬೇರೆ ಮಾತ್ರೆ ಸುರಿಯಬಾರದು. ಉಳಿದ ಪುಡಿಯೂ ಅಲರ್ಜಿ ಇರುವವರಿಗೆ ತೊಂದರೆ ಕೊಡಬಹುದು. ಕೊನೆಗೆ ಫಾರ್ಮಸಿಸ್ಟ್ ಚೀಟಿ, ಲೇಬಲ್, ಮಾತ್ರೆ ಮೂರನ್ನೂ ತಾಳೆ ನೋಡುತ್ತಾರೆ.

ಕೌಂಟರ್‌ನಲ್ಲಿ ಮತ್ತೆ ಹೆಸರು, ಹುಟ್ಟಿದ ದಿನಾಂಕ ಕೇಳುವುದು ಮರೆತು ಅಲ್ಲ. ಎಲ್ಲ ಸರಿಯಾಗಿ ತುಂಬಿದ ಪೊಟ್ಟಣವೂ ತಪ್ಪು ಕೈಗೆ ಹೋಗಬಹುದಲ್ಲ, ಅದನ್ನು ತಡೆಯಲು.